ಮೂರು ಉದ್ಯಾನಗಳ ಸುತ್ತು

ಮಾರ್ಚ್‌ನಲ್ಲಿ ಉತ್ತರದ ಮರುಭೂಮಿಯ ಮೇಲೆ ಮಳೆ ಸುರಿದ ವಾರವೇ ನೆವಿಲ್ ಊಟದ ಮೇಜಿನ ಮೇಲೆ ನಕಾಶೆ ಹಾಸಿದ. ಅವನ ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿನ ನಡುವೆ ಬೂದು ಕಲೆಯೊಂದು ಕೂತು, ನೇರ ನೋಡಿದ್ದೆಲ್ಲ ಅಳಿಸಿಹೋಗಿ ಅಂಚಿನದು ಮಾತ್ರ ಉಳಿಯುತ್ತಿತ್ತು. ನಕಾಶೆಯ ಮೇಲಿನ ಹೆಸರು ಓದಬೇಕೆಂದರೆ ಕೋಳಿಯ ಹಾಗೆ ತಲೆ ಓರೆ ಮಾಡಬೇಕು. ಪೋರ್ಟ್ ಆಗಸ್ಟಾದ ಕಣ್ಣಿನ ಡಾಕ್ಟರು ತಿಂಗಳಿಗೊಮ್ಮೆ ಸೂಜಿ ಚುಚ್ಚುತ್ತಿದ್ದರು. ಇದು ತಡೆಯುವ ಮದ್ದಲ್ಲ, ತಡಮಾಡುವ ಮದ್ದು ಅಷ್ಟೇ ಎಂದು ಮೊದಲೇ ಹೇಳಿದ್ದರು.

"ಇಂಥ ಮಳೆ ಇನ್ನೊಂದ್ಸಲ ಬರೋ ಹೊತ್ತಿಗೆ ಕಣ್ಣಿರಲ್ಲ. ನಾನೇ ಇರ್ತೀನೋ ಇಲ್ವೋ. ಈ ಸಲ ನೋಡ್ಬಿಡ್ಬೇಕು, ಕೋರಲ್," ಅಂದ.

ಏನನ್ನು ಎಂದು ಕೋರಲ್ ಕೇಳಬೇಕಾಗಿರಲಿಲ್ಲ. ನೆವಿಲ್ ಸಸ್ಯಶಾಸ್ತ್ರಜ್ಞ. ದುಡಿದ ವರ್ಷಗಳನ್ನೆಲ್ಲ ಆ ಮರಳಲ್ಲಿ ಕಳೆದಿದ್ದ. ಬರಿಯ ಕೆಂಪು ದಿಬ್ಬಗಳು ದೊಡ್ಡ ಮಳೆಯಾದ ನಾಲ್ಕು ತಿಂಗಳಿಗೆ ಬಿಳಿ, ಹಳದಿ, ನೇರಳೆ ಹೂಗಳಡಿ ಮುಚ್ಚಿಹೋಗುವುದನ್ನು ಅವನು ಬದುಕಿನಲ್ಲಿ ಮೂರೇ ಸಲ ಕಂಡಿದ್ದ. ಹೂವಿನ ಎಸಳು ಎಣಿಸುವಷ್ಟು ಕಣ್ಣು ಈಗ ಉಳಿದಿರಲಿಲ್ಲ. ದಿಗಂತದ ತನಕ ಹಬ್ಬಿದ ಬಣ್ಣ ಕಾಣುವಷ್ಟು ಇತ್ತು.

ಯೋಜನೆ ಹಾಕಿದವಳು ಕೋರಲ್. ಮೊದಲು ವಿಟ್ಜಿರಾ, ಅಲ್ಲಿಂದ ಮುಂಗಾ-ತಿರ್ರಿಯ ದಿಬ್ಬಸಾಲುಗಳನ್ನು ದಾಟಿ ಪೂರ್ವಕ್ಕೆ, ಕೊನೆಗೆ ಕೂಂಗಿ ಕೆರೆಗಳನ್ನು ನೋಡಿಕೊಂಡು ದಕ್ಷಿಣಕ್ಕಿಳಿದು ಮನೆಗೆ. ಮೂರು ರಾಷ್ಟ್ರೀಯ ಉದ್ಯಾನಗಳು, ಒಂದು ಸುತ್ತು. ದಿಬ್ಬಗಳ ಪಶ್ಚಿಮದ ಮೈ ಇಳಿಜಾರು, ಪೂರ್ವದ ಮೈ ಕಡಿದು. ಆದ್ದರಿಂದ ಸುತ್ತನ್ನು ತಿರುಗುಮುರುಗು ಮಾಡುವ ಹಾಗಿರಲಿಲ್ಲ. ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದ ಅವಳು ಪ್ರಯೋಗಕ್ಕೆ ಅಣಿಮಾಡುವಂತೆಯೇ ಪ್ರವಾಸಕ್ಕೂ ಅಣಿಮಾಡುತ್ತಿದ್ದಳು. ಡೀಸೆಲ್ ಎಲ್ಲಿ ಸಿಗುತ್ತದೆ, ಎಲ್ಲಿ ಸಿಗದೆಯೂ ಇರಬಹುದು, ನೀರಿನ ಡಬ್ಬಿ ಒಡೆದರೆ ಗತಿಯೇನು, ಎಲ್ಲಕ್ಕೂ ಅವಳ ಬಳಿ ಉತ್ತರವಿತ್ತು. ಚಂದ್ರಲೋಕಕ್ಕೆ ಹೋದವರೂ ಇಷ್ಟು ನೀರು ಒಯ್ದಿರಲಾರರು ಎಂದು ನೆವಿಲ್ ರೇಗಿಸುತ್ತಿದ್ದ.

ಆ ಕಡೆ ಒಂಟಿ ಗಾಡಿಯಲ್ಲಿ ದಿಬ್ಬ ದಾಟುವ ರೂಢಿಯಿಲ್ಲ. ಒಂದು ಹೂತುಕೊಂಡರೆ ಎಳೆಯಲು ಇನ್ನೊಂದು ಬೇಕು. ಎರಡನೆಯ ಗಾಡಿ ಕ್ಲಾರಿಯದು. ಅವನು ಪಕ್ಕದ ಬೀದಿಯವನು, ಕುರಿಯ ಉಣ್ಣೆ ಕತ್ತರಿಸಿಯೇ ಬೆನ್ನು ಬಾಗಿದವನು, ನೆವಿಲ್‌ನ ಹಳೆಯ ಗೆಳೆಯ.

"ನೀನು ಹೂ ನೋಡು ಮಾರಾಯ," ಎಂದಿದ್ದ ಕ್ಲಾರಿ, ಬಿಯರ್ ಕೆಳಗಿಟ್ಟು. "ನಿನ್ನ ಹೆಂಡ್ತಿ ಗಾಡಿ ಹೂತುಹಾಕೋದನ್ನ ನಾನು ನೋಡ್ತೀನಿ."

ಇಬ್ಬರೂ ನಕ್ಕರು. ಕೋರಲ್ ಕೂಡ ನಕ್ಕಳು. ಹಿಂದೊಮ್ಮೆ ದಿಬ್ಬದ ನೆತ್ತಿಯ ಮೇಲೆ ಅವಳು ಗಾಡಿಯನ್ನು ಅಡ್ಡ ತಿರುಗಿಸಿಬಿಟ್ಟಿದ್ದಳು. ಅದು ಒಂದು ಮಗ್ಗುಲಿಗೆ ವಾಲಿ, ಕಿಟಕಿಯ ತುಂಬ ಬರೀ ಮರಳೇ ಕಂಡಿತ್ತು. ನೆವಿಲ್ ಇಡೀ ಮಧ್ಯಾಹ್ನ ಅಗೆದು ಬಿಡಿಸಿದ್ದ. ಅಂದಿನಿಂದ ಅವಳು ಮರಳ ಮೇಲೆ ಸ್ಟಿಯರಿಂಗ್ ಹಿಡಿದವಳಲ್ಲ. ಈ ಸಲ ಅವಳೇ ಹಿಡಿಯಬೇಕಿತ್ತು. ಮುಂದೆ ಕ್ಲಾರಿ ಇರುತ್ತಾನೆ, ಅವನ ಚಕ್ರದ ಜಾಡಿನಲ್ಲೇ ಹೋದರಾಯಿತು ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಆದರೆ ಹೂವಿಗೆ ಬೇಕಾದ ಮಳೆಯೇ ರಸ್ತೆಯನ್ನೂ ಮುಳುಗಿಸಿತ್ತು. ಉತ್ತರದ ಮಣ್ಣುರಸ್ತೆಗಳೆಲ್ಲ ಮುಚ್ಚಿದ್ದವು. ಹಸಿ ರಸ್ತೆಯ ಮೇಲೆ ಗಾಡಿ ಓಡಿಸಿದರೆ ಚಕ್ರದ ಗುಂಡಿ ಒಣಗಿ ಕಲ್ಲಾಗಿ, ಮುಂದಿನ ವರ್ಷದ ತನಕ ಎಲ್ಲರ ಅಚ್ಚು ಮುರಿಯುತ್ತದೆ. ಹಾಗೆ ಮಾಡಿದವನಿಗೆ ಊರಲ್ಲಿ ಯಾರೂ ಪಕ್ಕದಲ್ಲಿ ಜಾಗ ಕೊಡುವುದಿಲ್ಲ. ಆದ್ದರಿಂದ ಹಾಕರ್ ಊರಿನ ತಮ್ಮ ಮನೆಯಲ್ಲಿ ಕಾಯುವುದೇ ಕೆಲಸವಾಯಿತು. ಬೆಳಿಗ್ಗೆ ನೆವಿಲ್ ಟೋಸ್ಟ್ ತಿನ್ನುವಾಗ ಕೋರಲ್ ಫೋನಿನಲ್ಲಿ ರಸ್ತೆಯ ವರದಿ ನೋಡಿ ಓದುವಳು. ಮುಚ್ಚಿದೆ. ಅವನು ತಲೆಯಾಡಿಸಿ, ಈಗ ಮೊಳಕೆ ಬೆರಳುದ್ದ ಆಗಿರಬೇಕು ಎನ್ನುವನು. ಇನ್ನೊಂದು ವಾರ ಕಳೆದು, ಈಗ ಎಲೆ ಬಿಚ್ಚಿರಬೇಕು ಎನ್ನುವನು.

ಜೂನ್‌ನಲ್ಲಿ ಕ್ಲಾರಿ ಸ್ನಾನದ ಮನೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡ. ಅವನನ್ನು ಅಡಿಲೇಡಿಗೆ ಕರೆದೊಯ್ದರು. ಸತ್ತರೂ ಆಗಸ್ಟ್ ಹೊತ್ತಿಗೆ ಎದ್ದು ಬರುತ್ತೇನೆ ಎಂದು ಅವನು ಆಸ್ಪತ್ರೆಯಿಂದ ಫೋನ್ ಮಾಡಿ ಹೇಳಿದ. ಅದು ಆಗದ ಮಾತೆಂದು ಅವನ ದನಿಯಲ್ಲೇ ತಿಳಿಯುತ್ತಿತ್ತು. ಆ ರಾತ್ರಿ ಮಲಗುವ ಮುಂಚೆ ನೆವಿಲ್, ನೀನೇ ಓಡಿಸು, ದಾರಿಯಲ್ಲಿ ಯಾರಾದರೂ ಜೊತೆ ಸಿಕ್ಕೇ ಸಿಗುತ್ತಾರೆ ಎಂದ. ಕೋರಲ್ ದೀಪ ಆರಿಸಿದಳು.

ಜುಲೈನ ಒಂದು ಬೆಳಿಗ್ಗೆ ವರದಿಯ ಕೆಂಪು ಗೆರೆ ಹಸಿರಾಗಿತ್ತು. ಅವಳು ಅದನ್ನು ನೋಡಿದಳು. ಗಾಡಿ ಮತ್ತೆ ವಾಲಿದಂತೆ, ಈ ಸಲ ಅಗೆಯುವವನಿಗೆ ಸಲಿಕೆ ಎಲ್ಲಿದೆಯೆಂದೇ ಕಾಣದಂತೆ ಅವಳಿಗೆ ತೋರಿತು. ನೆವಿಲ್ ಚಹದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕಾಯುತ್ತಿದ್ದ.

"ಮುಚ್ಚಿದೆ," ಅಂದಳು.

ಒಂದೆರಡು ದಿನದ ಮಾತು ಎಂದುಕೊಂಡಿದ್ದಳು. ಬೇರೆ ಗಾಡಿ ಹುಡುಕುತ್ತೇನೆ, ಸಿಕ್ಕ ಮೇಲೆ ಹೇಳುತ್ತೇನೆ. ಅವಳು ಫೋನ್ ಮಾಡಿ ಕೇಳಿದಾಗ ಒಬ್ಬರಿಗೆ ಬಿಡುವಿರಲಿಲ್ಲ, ಇನ್ನೊಬ್ಬರು ಕಣ್ಣು ಕಾಣದವನನ್ನು ಅಷ್ಟು ದೂರ ಒಯ್ಯುವ ಹೊಣೆ ಬೇಡವೆಂದರು. ಅವಳು ದಿನವೂ ಅದೇ ಒಂದು ಪದವನ್ನು ಓದಿದಳು. ನೆವಿಲ್ ನಂಬಿದ. ಮೊಗ್ಗು ಬಂದಿರಬೇಕು ಎಂದ. ಆಮೇಲೆ ಹೂವಿನ ಮಾತನ್ನೇ ಬಿಟ್ಟ.

ಆಗಸ್ಟ್‌ನಲ್ಲಿ ಬಲಗಣ್ಣಿನೊಳಗೆ ರಕ್ತ ಸೋರಿತು. ಚಹವನ್ನು ಬಟ್ಟಲಿನ ಹೊರಗೆ ಸುರಿದು, ಅದು ತೊಡೆಗೆ ತಾಗಿದ ಮೇಲೇ ಅವನಿಗೆ ಗೊತ್ತಾದದ್ದು. ಪೋರ್ಟ್ ಆಗಸ್ಟಾದಿಂದ ಮರಳಿ ಬರುವಾಗ ಅವನಿಗೆ ಉಳಿದದ್ದು ಬೆಳಕು ಮತ್ತು ಕತ್ತಲೆಯ ವ್ಯತ್ಯಾಸ ಮಾತ್ರ. ಆದರೂ ಮರುದಿನ ಬೆಳಿಗ್ಗೆ ಅವನು ರಸ್ತೆಯ ಬಗ್ಗೆ ಕೇಳಿದ. ಕೋರಲ್ ಮುಚ್ಚಿದೆ ಎಂದೇ ಹೇಳಿದಳು. ತೆರೆದಿದೆ ಎಂದರೆ ಎಂದಿನಿಂದ ಎಂಬ ಮಾತು ಬರುತ್ತದೆ.

ಸೆಪ್ಟೆಂಬರ್ ಬಂತು. ಮನೆಯಲ್ಲೇ ಕೂತು ಬೇಸರವಾಗಿದೆ ಎಂದು ಅವನೇ ಹೇಳಿದ್ದಕ್ಕೆ ಒಂದು ದಿನ ಅವನನ್ನು ಪೇಟೆಗೆ ಕರೆದುಕೊಂಡು ಹೋದಳು. ಬೇಕರಿಯ ಮುಂದೆ ಗಾಡಿ ನಿಲ್ಲಿಸಿ, ಮಾಂಸದ ಪೈ ತರಲು ಒಳಗೆ ಹೋದಳು. ಹೊರಬಂದಾಗ ನೆವಿಲ್ ಸೀಟಿನಲ್ಲಿರಲಿಲ್ಲ. ಕಾಲು ಸಡಿಲಿಸಲೆಂದು ಇಳಿದು, ಗಾಡಿಗಳ ಮೈ ತಡವಿಕೊಂಡು ನಡೆದು, ಪಕ್ಕದ ಗಾಡಿಯ ಮುಂದೆ ನಿಂತಿದ್ದ. ಅದು ಯಾರೋ ಪ್ರವಾಸಿಗಳದು, ಕೆಂಪು ಧೂಳಿನಲ್ಲಿ ಮಿಂದಿತ್ತು. ರೇಡಿಯೇಟರಿನ ಮುಂದೆ ಬಲೆಯ ಬಟ್ಟೆ ಕಟ್ಟಿತ್ತು. ಹುಲ್ಲಿನ ಬೀಜ ಒಳಗೆ ಸೇರಿ ಬೆಂಕಿ ಹತ್ತದಿರಲೆಂದು ಮರುಭೂಮಿಗೆ ಹೋಗುವವರು ಕಟ್ಟುವ ಬಲೆ. ನೆವಿಲ್‌ನ ಬೆರಳುಗಳು ಆ ಬಲೆಯ ಮೇಲಿದ್ದವು.

ಅವನು ಸಿಕ್ಕಿಕೊಂಡದ್ದನ್ನು ಚಿಟಿಕೆಯಲ್ಲಿ ಬಿಡಿಸಿ, ಹೆಬ್ಬೆರಳಿನಿಂದ ತೀಡಿ, ತುಟಿಗೆ ತಾಗಿಸಿ ನೋಡುತ್ತಿದ್ದ. ಕಣ್ಣಿದ್ದಾಗಲೂ ಅವನು ಹಾಗೇ ಮಾಡುತ್ತಿದ್ದುದು. ಅವನ ಅಂಗೈಯಲ್ಲಿ ಇದ್ದದ್ದನ್ನು ಕೋರಲ್ ಕೂಡ ಗುರುತಿಸಿದಳು. ತುದಿಯಲ್ಲಿ ಗರಿಯಂಥ ಎಳೆಗಳಿರುವ ಸಣ್ಣ ಬೀಜ. ಒಡೆದ ಮೊಟ್ಟೆಯ ಹಾಗೆ ಸುತ್ತ ಬಿಳಿ, ನಡುವೆ ಹಳದಿ ಇರುವ ಆ ಹೂವಿನದು. ದಿಬ್ಬದ ಮರಳಿನಲ್ಲಿ ಬೆಳೆಯುವಂಥದ್ದು. ಬಲೆಯ ತುಂಬ ಅದೇ ಇತ್ತು.

ಅವಳು ಅವನ ಮೊಣಕೈ ಹಿಡಿದು ಕರೆತಂದು ಸೀಟಿನಲ್ಲಿ ಕೂರಿಸಿದಳು. ಪೈಯ ಪೊಟ್ಟಣ ಅವಳ ತೊಡೆಯ ಮೇಲೆ ಬಿಸಿಯಾಗಿತ್ತು.

"ರಸ್ತೆ ಯಾವಾಗ ತೆರೀತು?" ಅಂತ ನೆವಿಲ್ ಕೇಳಿದ.

ಯಾವ ರಸ್ತೆ ಎಂದು ಕೇಳಬಹುದಿತ್ತು. "ಜುಲೈನಲ್ಲಿ," ಅಂದಳು.

"ಜುಲೈನಲ್ಲಿ." ಅವನು ಲೆಕ್ಕ ಹಾಕಿದ. "ನಂಗಾಗ ಇನ್ನೂ ಹಳದಿ ಕಾಣ್ತಿತ್ತು."

ಅವಳು ಹೇಳಲು ತೊಡಗಿದಳು. ಕ್ಲಾರಿಯಿಲ್ಲ, ಬೇರೆ ಗಾಡಿ ಸಿಗಲಿಲ್ಲ, ಹಿಂದೆ ಆದದ್ದು ನೆನಪಿದೆಯಲ್ಲ, ಆ ದಿಬ್ಬಗಳು. ಹೇಳಿದ ಮಾತುಗಳೆಲ್ಲ ಸರಿಯಾಗಿಯೇ ಇದ್ದವು, ಒಂದೂ ಸುಳ್ಳಲ್ಲ. "ಭಯ ಆಯ್ತು ನೆವ್. ಹೇಳಿದ್ರೆ ನೀನು ಹಟ ಹಿಡೀತೀಯ ಅಂತ ಗೊತ್ತಿತ್ತು."

"ಹಿಡೀತಿದ್ದೆ," ಅಂದ ಅವನು. ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಹಿಡಿದುಕೊಳ್ಳಲು ಏನಾದರೂ ಸಿಕ್ಕುತ್ತಿತ್ತು. "ಒಂದೆರಡು ದಿನ ಮುಖ ಊದಿಸ್ಕೊಂಡು ಕೂತಿರ್ತಿದ್ದೆ. ಆಮೇಲೆ, ಹೋಗ್ಲಿ ಬಿಡು, ವಿಟ್ಜಿರಾಕ್ಕೆ ಹೋಗಿ ವಾಪಸ್ ಬಂದ್ಬಿಡೋಣ ಅಂತಿದ್ದೆ. ಅಲ್ಲೀವರೆಗೆ ಒಂದು ದಿಬ್ಬನೂ ಇಲ್ವಲ್ಲ, ಕೋರಲ್. ಕಲ್ಲುರಸ್ತೆ. ಹೂ ಅಲ್ಲೂ ಇತ್ತು."

ಅವಳ ಕೈ ಸ್ಟಿಯರಿಂಗ್ ಮೇಲೆ ಹಾಗೇ ನಿಂತಿತು. ಮೂರನ್ನೂ ಒಂದೇ ಸುತ್ತಾಗಿ ಹೊಲಿದವಳು ಅವಳೇ. ಒಂದು ದ್ರಾವಣ ಇಲ್ಲದಿದ್ದರೆ ಪ್ರಯೋಗವೇ ಇಲ್ಲ ಎನ್ನುವಂತೆ, ನಡುವಿನ ಉದ್ಯಾನ ತಪ್ಪಿದ ಕೂಡಲೇ ಅವಳ ಲೆಕ್ಕದಲ್ಲಿ ಉಳಿದ ಎರಡೂ ತಪ್ಪಿದ್ದವು. ಮೊದಲನೆಯದಕ್ಕೆ ಮಾತ್ರ ಹೋಗಿ, ಬಂದ ದಾರಿಯಲ್ಲೇ ಹಿಂತಿರುಗಬಹುದೆಂಬುದು ಇಷ್ಟು ದಿನಗಳಲ್ಲಿ ಒಂದು ಸಲವೂ ಹೊಳೆದಿರಲಿಲ್ಲ. ಅವನನ್ನು ಕೇಳಿದ್ದರೆ ಅವನು ಹೇಳುತ್ತಿದ್ದ.

"ನಾಳೆನೇ ಹೊರಡೋಣ," ಅಂದಳು. "ವಿಟ್ಜಿರಾಕ್ಕೆ. ನಾನು ಓಡಿಸ್ತೀನಿ."

"ಬೀಜ ಉದುರ್ತಾ ಇದೆ ಕಣೇ. ಈಗ ಹೋದ್ರೆ ನಂಗೆ ಕಾಣಲ್ಲ. ನಿಂಗೂ ಕಾಣೋದಕ್ಕೆ ಅಲ್ಲೇನೂ ಇರಲ್ಲ."

ಪಕ್ಕದ ಗಾಡಿಯವರು ಬೇಕರಿಯಿಂದ ಹೊರಬಂದರು. ನಗುತ್ತ ಬಾಗಿಲು ಬಡಿದು ದಕ್ಷಿಣಕ್ಕೆ ಹೊರಟುಹೋದರು. ಕೋರಲ್ ಗಾಡಿ ಹಿಂದಕ್ಕೆ ತೆಗೆದು ಮನೆಯ ಕಡೆ ತಿರುಗಿಸಿದಳು. ದಾರಿಯಲ್ಲಿ ನೆವಿಲ್ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಲಿಲ್ಲ. ಮನೆ ಮುಂದೆ ಗಾಡಿ ನಿಂತಾಗ ಅವನೇ ಬಾಗಿಲು ತೆಗೆದು ಕಾಲು ಕೆಳಗಿಟ್ಟ. ಮೆಟ್ಟಿಲು ಯಾವ ಕಡೆ ಎಂದು ತಿಳಿಯದೆ ನಿಂತ.

ಅವಳು ಸುತ್ತಿ ಬಂದು ಕೈ ಚಾಚಿದಳು. ಅವನು ತುಸು ಹೊತ್ತು ಹಿಡಿಯಲಿಲ್ಲ. ಗಾಳಿಯಲ್ಲಿ ಬೆರಳಾಡಿಸಿ ಕಂಬವನ್ನೋ ಗೋಡೆಯನ್ನೋ ಹುಡುಕಿದ. ಯಾವುದೂ ಸಿಗದೆ, ಕೊನೆಗೆ ಅವಳ ಕೈಯನ್ನೇ ಹಿಡಿದ.