ಎರಡೂ ಕಂಡೆ

ಹಗ್ಗ ಬರುತ್ತಲೇ ಇತ್ತು.

ಭಾವ ತಾರಸಿಯ ಅಂಚಿನ ಗೋಡೆಯ ಮೇಲೆ ಒಂದು ಕಾಲು ಹೊರಗೆ, ಒಂದು ಕಾಲು ಒಳಗೆ ಹಾಕಿ ಕುಳಿತಿದ್ದ. ಸೊಂಟದ ಬೆಲ್ಟಿಗೆ ಎರಡು ಹಗ್ಗ. ಬಿಳಿಯದು ಮೈಭಾರ ಹೊರುವಂಥದ್ದು. ಹಳದಿಯದು, ಬಿಳಿಯದು ಕೈಕೊಟ್ಟರೆ ಹಿಡಿದುಕೊಳ್ಳುವಂಥದ್ದು. ಇಳಿಯುವ ಮೊದಲು ಹಳದಿ ಹಗ್ಗವನ್ನು ಒಮ್ಮೆ ಎಳೆದ. ಬಿಗಿಯಾಗಿ ನಿಲ್ಲಬೇಕಾಗಿದ್ದ ಹಗ್ಗ ಸಡಿಲವಾಗಿ ಕೈಗೆ ಬಂತು. ಇನ್ನೊಂದು ಮೊಳ ಎಳೆದ, ಅದೂ ಬಂತು. ನೀರಿನ ಟ್ಯಾಂಕಿನ ಹಿಂದಿನಿಂದ ಸಿಮೆಂಟಿನ ಮೇಲೆ ಸರಸರ ಸದ್ದು ಮಾಡುತ್ತಾ ಪೂರ್ತಿ ಹಗ್ಗವೇ ಬಂದು, ತುದಿಯ ಗಂಟು ಅವನ ಬೂಟಿಗೆ ತಗುಲಿ ನಿಂತಿತು. ಗಂಟು ಅಚ್ಚುಕಟ್ಟಾಗಿಯೇ ಇತ್ತು. ಅದು ಯಾವುದಕ್ಕೂ ಸಿಕ್ಕಿಕೊಂಡಿರಲಿಲ್ಲ, ಅಷ್ಟೆ.

ಬಿಳಿಯ ಹಗ್ಗವನ್ನು ಎಳೆದು ನೋಡುವ ಧೈರ್ಯ ಬರಲಿಲ್ಲ. ಹೊರಗಿದ್ದ ಕಾಲನ್ನು ಒಳಗೆ ತೆಗೆದುಕೊಳ್ಳಬೇಕೆಂದು ಮನಸ್ಸು ಹೇಳುತ್ತಿತ್ತು, ಕಾಲು ಕೇಳುತ್ತಿರಲಿಲ್ಲ. ಎರಡೂ ಕೈಗಳಿಂದ ತೊಡೆಯನ್ನು ಹಿಡಿದೆತ್ತಿ, ಬೇರೆ ಯಾರದೋ ಕಾಲೆಂಬಂತೆ ಒಳಗೆ ತಂದಿಟ್ಟ. ಆಮೇಲೆ ತಾರಸಿಯ ನೆಲದ ಮೇಲೆ ಕುಳಿತುಬಿಟ್ಟ.

ಎತ್ತರದ ಕಟ್ಟಡಗಳ ಗಾಜು ತೊಳೆಯುವವರಲ್ಲಿ ಒಂದು ಪದ್ಧತಿಯಿದೆ. ಒಬ್ಬ ಇಳಿಯುತ್ತಾನೆ, ಇನ್ನೊಬ್ಬ ಹಿಂದಿನ ಕಂಬಕ್ಕೆ ಹಗ್ಗಗಳನ್ನು ಹಾಕುತ್ತಾನೆ. ಅಂಚಿನಲ್ಲಿ ಕುಳಿತವನು "ಹಗ್ಗ?" ಎಂದು ಕೂಗಿದರೆ, ಕಂಬದ ಬಳಿ ಇರುವವನು ಎರಡು ಹುಕ್ಕುಗಳನ್ನೂ ಕೈಯಿಂದ ಮುಟ್ಟಿ "ಎರಡೂ ಕಂಡೆ" ಅನ್ನಬೇಕು. ಹೂಂ, ಸರಿ, ಆಯ್ತು ಎಂಬುದು ನಡೆಯುವುದಿಲ್ಲ. ಆ ಮಾತುಗಳನ್ನು ನೋಡದೆಯೂ ಆಡಬಹುದು. ಹೊಸ ಜೋಡಿಯಾದರೆ ಇಳಿಯುವವನು ತಾನೇ ಎದ್ದು ಹೋಗಿ ನೋಡಿ ಬರುತ್ತಾನೆ. ಜೋಡಿ ಹಳೆಯದಾದ ಮೇಲೆ ಹಾಗೆ ಎದ್ದು ಹೋಗುವುದೆಂದರೆ ಜೊತೆಗಾರನ ಮುಖಕ್ಕೆ ಹೊಡೆದಂತೆ. ಎಷ್ಟೋ ವರ್ಷಗಳಿಂದ ಭಾವ ಎದ್ದು ಹೋಗಿರಲಿಲ್ಲ. ಇವತ್ತು ಹಗ್ಗ ಎಳೆದದ್ದೂ ಕದ್ದು ಮುಚ್ಚಿಯೇ. ಬೆಳಿಗ್ಗೆ ಬಸ್ಸಿನಲ್ಲಿ ಅವನ ಜೊತೆಗಾರನಾದ ಭಾಮೈದ "ಇವತ್ತು ಯಾವ ಕಟ್ಟಡ?" ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ಸ್ವಲ್ಪ ಹೊತ್ತಿಗೆ ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಮತ್ತೆ ಕೇಳಿದ್ದ.

ಆ ಭಾಮೈದ ಈಗ ಟ್ಯಾಂಕಿನ ಹಿಂದಿನಿಂದ ಬಂದ. ಹಗ್ಗದ ಮೇಲೆ ಓಡಾಡುವ ಚುರುಕು ನೋಡಿ ಕೆಲಸದವರೆಲ್ಲ ಅವನನ್ನು ಅಳಿಲು ಎಂದು ಕರೆಯುತ್ತಿದ್ದರು.

"ಏನ್ ಭಾವ, ಇನ್ನೂ ಇಲ್ಲೇ ಇದೀರಾ? ಪಾಪ, ಗಾಜು ನಿಮ್ಮನ್ನೇ ನೆನೆಸ್ಕೊಂಡು ಅಳ್ತಿದೆ."

ಭಾವ ಗಂಟನ್ನು ಎತ್ತಿ ತೋರಿಸಿದ.

ಅಳಿಲಿನ ಮುಖದಲ್ಲಿ ಮೊದಲು ಕಂಡದ್ದು ಹೆದರಿಕೆಯಲ್ಲ, ಗೊಂದಲ. "ಅದನ್ಯಾಕೆ ಬಿಚ್ಚಿದ್ರಿ?"

"ನಾನು ಬಿಚ್ಚಲಿಲ್ಲ."

"ಮತ್ತೆ? ಹುಕ್ಕಿಗೆ ಹಾಕಿ, ಲಾಕ್ ತಿರುಗಿಸಿ, ಮುಟ್ಟಿ ನೋಡಿ ಆಮೇಲೇ ಕೂಗಿದ್ದು ನಾನು."

ಇಬ್ಬರೂ ಕಂಬದ ಬಳಿ ಹೋದರು. ಮೊದಲ ಹುಕ್ಕಿನಲ್ಲಿ ಬಿಳಿಯ ಹಗ್ಗ ಭದ್ರವಾಗಿತ್ತು. ಎರಡನೆಯ ಹುಕ್ಕು ಖಾಲಿ. ಆದರೆ ಅದರ ಬಾಯಿ ಮುಚ್ಚಿತ್ತು, ಲಾಕನ್ನು ಕೊನೆಯ ಸುತ್ತಿನವರೆಗೆ ಬಿಗಿಯಾಗಿ ತಿರುಗಿಸಲಾಗಿತ್ತು. ಅಳಿಲು ಏನೂ ಇಲ್ಲದ್ದಕ್ಕೆ ಬೀಗ ಹಾಕಿ, ಮುಟ್ಟಿ ನೋಡಿ, ಕಂಡೆ ಎಂದಿದ್ದ.

"ಹಳದಿ ಹಗ್ಗ ಇದರೊಳಗೇ ಇತ್ತು," ಎಂದ ಅವನು. ದನಿ ಇಳಿದಿತ್ತು. "ಕಣ್ಣಾರೆ ಕಂಡೆ ಭಾವ. ನಿಮ್ಮಾಣೆ."

ಅವನು ಸುಳ್ಳು ಹೇಳುತ್ತಿದ್ದರೆ ಭಾವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಸುಳ್ಳನ್ನು ಕಣ್ಣಲ್ಲಿ ಕಣ್ಣಿಟ್ಟು ಹಿಡಿಯಬಹುದು. ಇವನು ಕಂಡದ್ದನ್ನೇ ಹೇಳುತ್ತಿದ್ದ. ನಿನ್ನೆಯದೋ ಹೋದ ವಾರದ್ದೋ ಹಗ್ಗ, ಇವತ್ತಿನ ಖಾಲಿ ಹುಕ್ಕಿನಲ್ಲಿ ಅವನಿಗೆ ಕಂಡಿತ್ತು.

"ಶನಿವಾರ ಎಷ್ಟು ತಗೊಂಡೆ?" ಭಾವ ಕೇಳಿದ.

ಅಳಿಲು ತಲೆ ಎತ್ತಿದ. ಯಾರು ಹೇಳಿದರೆಂದು ಕೇಳಲಿಲ್ಲ. "ಇವತ್ತು ಮಂಗಳವಾರ. ಶನಿವಾರಕ್ಕೂ ಇದಕ್ಕೂ ಏನ್ ಸಂಬಂಧ?"

ಭಾವನಿಗೆ ವಿಷಯ ತಿಳಿದು ಕೆಲವು ತಿಂಗಳಾಗಿದ್ದವು. ಅವನ ಹೆಂಡತಿ ತಮ್ಮನ ಅಂಗಿ ಒಗೆಯುವಾಗ ಜೇಬಿನಲ್ಲಿ ಗುಲಾಬಿ ಬಣ್ಣದ ಒಂದು ಮಾತ್ರೆ ಸಿಕ್ಕಿತ್ತು. ಅವಳು ಅದನ್ನು ಶಕ್ತಿಗೆ ತೆಗೆದುಕೊಳ್ಳುವ ಮಾತ್ರೆಯೆಂದುಕೊಂಡು, "ಅಂತೂ ನಮ್ಮ ಸಾಹೇಬರು ಮೈ ಕಡೆ ಗಮನ ಕೊಡ್ತಿದ್ದಾರೆ" ಎಂದು ನಕ್ಕಿದ್ದಳು. ಭಾವ ನಗಲಿಲ್ಲ, ಹೇಳಲೂ ಇಲ್ಲ. ಫೋನಿನಲ್ಲಿ ಹುಡುಕಿ ಓದಿದ: ವಾರದ ಕೊನೆಯ ಪಾರ್ಟಿಗಳಲ್ಲಿ ನುಂಗುವ ನಶೆ ಮಾತ್ರೆ. ಎರಡು ದಿನದಲ್ಲಿ ಮೈಯಿಂದ ಹೋಗುತ್ತದೆ ಎಂದು ಒಂದು ಕಡೆ, ಕುಣಿಯುತ್ತಿದ್ದ ಹುಡುಗಿಯ ಎದೆಬಡಿತ ನಿಂತಿತು ಎಂದು ಇನ್ನೊಂದು ಕಡೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಇದೆಲ್ಲ. ಇನ್ನೊಂದರಲ್ಲಿ, ತಾಯಿ ತೀರಿಕೊಂಡ ಮೇಲೆ ಗೋಡೆ ನೋಡುತ್ತಾ ಕೂರುತ್ತಿದ್ದ ಹುಡುಗ ಮತ್ತೆ ಶಿಳ್ಳೆ ಹಾಕತೊಡಗಿದ್ದು. ಶಿಳ್ಳೆಯೇ ತೂಕ ಹೆಚ್ಚೆಂದುಕೊಂಡು ಭಾವ ಸುಮ್ಮನಿದ್ದುಬಿಟ್ಟ.

"ನಾನೇನು ಕುಡಿದು ಬರ್ತೀನಾ?" ಅಳಿಲು ಟ್ಯಾಂಕಿನ ನೆರಳಿನಲ್ಲಿ ಕುಳಿತ. "ನಮ್ಮ ಹತ್ತು ನಿಮಿಷನ್ನ ನೋಡಿ, ಮಟಮಟ ಮಧ್ಯಾಹ್ನ ವಾಸನೆ ಹೊಡೀತಾನೆ. ಅವನನ್ನ ಯಾರೂ ಕೇಳಲ್ಲ." ಎಲ್ಲ ಕೆಲಸಕ್ಕೂ ಹತ್ತು ನಿಮಿಷ ಸಾಕೆನ್ನುವ ಮೇಸ್ತ್ರಿಗೆ ಆ ಹೆಸರು ಬಿದ್ದಿತ್ತು.

"ಹತ್ತು ನಿಮಿಷ ನನ್ನ ಹಗ್ಗ ಕಟ್ಟಲ್ಲ."

ಅಳಿಲಿನ ದವಡೆ ತನ್ನಷ್ಟಕ್ಕೆ ಅಗಿಯುತ್ತಿತ್ತು; ಬಾಯಲ್ಲಿ ಏನೂ ಇರಲಿಲ್ಲ.

"ನಿದ್ದೆ ಬರುತ್ತಾ?"

"ಬುಧವಾರದ ಹೊತ್ತಿಗೆ ಬರುತ್ತೆ. ಎದೆ ಸ್ವಲ್ಪ ಡಬಡಬ ಅನ್ನುತ್ತೆ. ಅದು ಬಿಡಿ, ಅಭ್ಯಾಸ ಆಗಿದೆ." ಖಾಲಿ ಹುಕ್ಕನ್ನು ನೋಡುತ್ತಾ ಮುಂದುವರಿಸಿದ. "ಮೊದಮೊದಲು ಹೆಂಗಿತ್ತು ಗೊತ್ತಾ ಭಾವ? ರೂಮಲ್ಲಿರೋರೆಲ್ಲ ನಮ್ಮೋರೇ ಅನ್ನಿಸೋದು. ಅಮ್ಮನ ವಿಷಯ ಅಳದೇ ಮಾತಾಡಿದೆ. ಈಗ ಅದೂ ಇಲ್ಲ. ಶನಿವಾರ ಸುಮಾರು, ಮಿಕ್ಕ ದಿನ ಸಪ್ಪೆ. ಮೊನ್ನೆ ನಿಮ್ಮ ಪಾಪು ನನ್ನ ಬೆನ್ನೇರಿ ಕೂತು ಕಿಲಕಿಲ ನಗ್ತಿದ್ಲಲ್ಲ? ನಾನೂ ನಕ್ಕೆ. ಎಲ್ಲಿ ನಗಬೇಕೋ ಅಲ್ಲೆಲ್ಲ ನಗ್ತಾ ಇದ್ದೆ. ಒಳಗಡೆ ಏನೂ ಆಗ್ಲಿಲ್ಲ. ಅವಳಿಗೆ ಗೊತ್ತಾಯ್ತೇನೋ ಅಂತ ಭಯ ಆಯ್ತು, ಅಷ್ಟೇ."

ಭಾವನ ಫೋನು ಗುಂಯ್‌ಗುಟ್ಟಿತು. ಮೇಸ್ತ್ರಿ. "ಏನ್ರೀ ಮೇಲಿನೋರೆ, ಗಾಜು ತಾನೇ ತೊಳ್ಕೊಳ್ಳುತ್ತಾ? ಹತ್ತು ನಿಮಿಷದಲ್ಲಿ ಹಗ್ಗದ ಮೇಲೆ ಕಾಣಬೇಕು."

"ಬಂದೆ," ಎಂದು ಭಾವ ಫೋನು ಇಳಿಸಿದ.

ಅಳಿಲು ಆಗಲೇ ಎದ್ದಿದ್ದ. ಭಾವನ ಬೆಲ್ಟಿನಿಂದ ಬಿಳಿಯ ಹಗ್ಗವನ್ನು ಕಳಚಿ ತನ್ನ ಬೆಲ್ಟಿಗೆ ಸಿಕ್ಕಿಸಿಕೊಳ್ಳತೊಡಗಿದ. "ನೀವು ಕೂತ್ಕೊಳ್ಳಿ. ನಾನು ಇಳೀತೀನಿ."

"ಹಳದಿ ಹಗ್ಗ ಇನ್ನೂ ಹಾಕಿಲ್ಲ ಕಣೋ."

"ಒಂದೇ ಸಾಕು ಬಿಡಿ."

"ಅದು ಕೈಕೊಟ್ರೆ?"

"ಕೊಟ್ರೆ ಕೊಡ್ಲಿ," ಎಂದ ಅಳಿಲು. ಅದರಲ್ಲಿ ಸಿಟ್ಟಿರಲಿಲ್ಲ, ನಾಟಕವೂ ಇರಲಿಲ್ಲ. ಚಹಾಕ್ಕೆ ಸಕ್ಕರೆ ಇಲ್ಲದಿದ್ದರೂ ನಡೆಯುತ್ತದೆ ಎನ್ನುವವನ ದನಿ.

ಹಗ್ಗದ ತುದಿ ಕೈಗೆ ಬಂದಾಗಲೂ ಭಾವನಿಗೆ ಇಂಥ ಭಯವಾಗಿರಲಿಲ್ಲ. ಇಷ್ಟು ಹೊತ್ತು ಅವನು ತನ್ನ ಜೀವಕ್ಕೆ ಹೆದರಿದ್ದ. ಅಳಿಲು ಅಂಚಿನತ್ತ ಹೆಜ್ಜೆ ಹಾಕುತ್ತಿದ್ದ. ಭಾವ ಬೀಳುವವನಂತೆ ಮುಂದಕ್ಕೆ ನುಗ್ಗಿ ಅವನ ಬೆಲ್ಟಿನ ಬೆನ್ನಿನ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದು ಹಿಂದಕ್ಕೆಳೆದ. ಇಬ್ಬರೂ ಬಕೆಟ್ಟಿನ ಮೇಲೆ ಬಿದ್ದರು. ಸೋಪಿನ ನೀರು ತಾರಸಿಯ ಮೇಲೆ ಹರಡಿತು.

"ಏನ್ ಭಾವ ನೀವು, ಬಟ್ಟೆಯೆಲ್ಲ..."

ಭಾವ ಪಟ್ಟಿ ಬಿಡದೆ, ಇನ್ನೊಂದು ಕೈಯಲ್ಲಿ ಮೇಸ್ತ್ರಿಗೆ ಫೋನು ಮಾಡಿದ. "ಇವತ್ತು ನಾವು ಇಳಿಯಲ್ಲ. ಬೇರೆ ಜೋಡಿ ಕಳಿಸಿ. ಇಲ್ಲ, ಹಗ್ಗ ಚೆನ್ನಾಗಿದೆ. ನನ್ನ ಭಾಮೈದ ನಶೆ ಮಾತ್ರೆ ತಗೋತಾನೆ. ಇನ್ಮೇಲೆ ಅವನ ಕೈಲಿ ಯಾರ ಹಗ್ಗಾನೂ ಕಟ್ಟಿಸಬೇಡಿ. ಹಗ್ಗದ ಮೇಲೂ ಬಿಡಬೇಡಿ."

ಅಳಿಲು ಸೋಪಿನ ನೀರಿನಲ್ಲಿ ಕುಳಿತೇ ಕೇಳಿಸಿಕೊಂಡ. ಮುಖ ನಿಧಾನವಾಗಿ ಕೆಂಪಾಯಿತು. "ಹೇಳೇಬಿಟ್ರಲ್ಲ! ನಂಗೆ ಬೇರೆ ಯಾವ ಕೆಲಸ ಬರುತ್ತೆ ಭಾವ? ನಾಳೆಯಿಂದ ಏನ್ ಮಾಡ್ಲಿ ನಾನು?"

"ಗೊತ್ತಿಲ್ಲ."

"ಇನ್ನೂ ಹಾಳಾಗಿ ಹೋದ್ರೆ?"

ಅದೇ ಮಾತು ಇಷ್ಟು ದಿನ ಭಾವನ ಬಾಯಿ ಕಟ್ಟಿತ್ತು. "ಅದೂ ಗೊತ್ತಿಲ್ಲ," ಎಂದ. "ಏಳು. ಆಸ್ಪತ್ರೆಗೆ ಹೋಗೋಣ. ಅಕ್ಕಂಗೂ ಬರೋಕೆ ಹೇಳ್ತೀನಿ."

"ಅಕ್ಕ ಬೇಡ."

"ಬರ್ತಾಳೆ."

ಹಗ್ಗಗಳನ್ನು ಕಳಚಿಟ್ಟು ಬಂದರೆ ಲಿಫ್ಟಿನಲ್ಲಿ ಜನರಿದ್ದರು. ಇವರು ಮೆಟ್ಟಿಲಿನ ಬಾಗಿಲು ತೆರೆದರು. ಒಳಗೆ ಎರಡೂ ಕಡೆ ಗೋಡೆ, ಗಟ್ಟಿ ಕಂಬಿ, ಹೆಜ್ಜೆಗೊಂದು ದೀಪ. ಬೀಳಲು ಎಲ್ಲೂ ಜಾಗವಿರಲಿಲ್ಲ. ಒದ್ದೆ ಬೂಟುಗಳು ಪಚಪಚ ಸದ್ದು ಮಾಡುತ್ತಿದ್ದವು.

"ಈಗಲಾದ್ರೂ ಬಿಡಿ ಭಾವ," ಎಂದ ಅಳಿಲು, ಹಿಂತಿರುಗಿ ನೋಡದೆ. "ಜನ ನೋಡ್ತಾರೆ."

ಭಾವ ಬೆನ್ನಿನ ಪಟ್ಟಿಯನ್ನು ಮುಷ್ಟಿಗೆ ಇನ್ನೊಂದು ಸುತ್ತು ಸುತ್ತಿಕೊಂಡು, ಅವನ ಹಿಂದೆಯೇ ಮೆಟ್ಟಿಲು ಇಳಿದ.