ಗಂಟಿನ ಕೆಳಗಿನ ಹವಾ

ಮಗ ಮುದುಕಪ್ಪ ಹಗೇವಿನೊಳಗೆ ಸತ್ತ ಮೇಲೆ ನಮ್ಮ ಮನೆಯಲ್ಲಿ ಯಾರೂ ಅಳಲಿಲ್ಲ. ಹೊರಗಿನವರು ಬಂದು ಅತ್ತು ಹೋದರು. ನನ್ನ ಹೆಂಡತಿ ಆದೆಮ್ಮ ಕಟ್ಟೆಯ ಮೇಲೆ ಕೂತು ಅಂಗಳ ನೋಡುತ್ತಿದ್ದಳು. ಸೊಸೆ ಅಯ್ಯಮ್ಮ ರೊಟ್ಟಿ ಬಡಿಯುತ್ತಿದ್ದಳು. ನಾನು ಕುರಿ ಹೊಡಕೊಂಡು ಹೋಗಿ ಹೊಡಕೊಂಡು ಬರುತ್ತಿದ್ದೆ. ಹಸಿವಿಲ್ಲ, ರುಚಿಯಿಲ್ಲ, ರೊಟ್ಟಿ ಮುಂದೆ ಇಟ್ಟರೆ ತಿನ್ನುತ್ತಿದ್ದೆ.

ಎಮರ್ಜೆನ್ಸಿ ಮುಗಿದ ಮರುವರ್ಷದ ಮಾತು. ನಮ್ಮ ಕುರ್ಡಿಯಲ್ಲಿ ಆಗ ಹಗೇವು ಇಲ್ಲದ ಮನೆ ಕಮ್ಮಿ. ನೆಲದೊಳಗೆ ಎರಡಾಳುದ್ದದ ಗುಂಡಿ, ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ. ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಎಳೆದು ಮಣ್ಣು ಮೆತ್ತಿದರೆ ಹುಳ ಹತ್ತುವುದಿಲ್ಲ. ತೆಗೆಯುವಾಗ ಮಾತ್ರ ಹೆದರಿಕೆ. ಒಳಗೆ ಕೆಟ್ಟ ಹವಾ ಇರುತ್ತದೆ. ಅದಕ್ಕೆ ಕಲ್ಲು ಸರಿಸಿ ಒಂದು ದಿನ ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ ನೋಡಬೇಕು. ಆರಿದರೆ ಇಳಿಯಬಾರದು. ನಮ್ಮ ಹಗ್ಗದಲ್ಲಿ ನಮ್ಮಪ್ಪ ಹಾಕಿದ ಗಂಟೊಂದಿತ್ತು. ಆ ಗಂಟು ಹಗೇವಿನ ಬಾಯಿಗೆ ಬರುವತನಕ ಕಂದೀಲು ಇಳಿಸುವುದು ನಮ್ಮ ಮನೆಯ ರೂಢಿ.

ಅವತ್ತೂ ಮುದುಕಪ್ಪ ಗಂಟಿನತನಕ ಇಳಿಸಿದ. ಕಂದೀಲು ಚೆನ್ನಾಗಿ ಉರಿಯಿತು. ಇಳಿದು ನಿಂತು, "ಯಪ್ಪಾ, ಬುಟ್ಟಿ ಬಿಡು" ಅಂದ. ಬಿಟ್ಟೆ. ಬುಟ್ಟಿ ಹಿಡಿದು ಬಗ್ಗಿದ. ಮತ್ತೆ ಏಳಲಿಲ್ಲ. ಕಂದೀಲು ಅವನ ಮೇಲೆ ತೂಗಾಡುತ್ತ ಉರಿಯುತ್ತಲೇ ಇತ್ತು.

ಹವಾ ಕೆಟ್ಟಿದ್ದರೆ ದೀಪ ಆರಬೇಕಿತ್ತಲ್ಲ, ಇದು ಬೇರೆ ಏನೋ ಅಂದರು ಊರವರು. ಅಯ್ಯಮ್ಮ ಮುಟ್ಟಾಗಿದ್ದಾಗ ಹಗೇವಿನ ಬಾಯಿ ದಾಟಿದ್ದಳು ಅಂತ ಓಣಿಯ ಕನಕಮ್ಮ ನೆನಪು ಮಾಡಿಕೊಂಡಳು. ಆದೆಮ್ಮ ಆ ಮಾತು ಹಿಡಿದಳು. ಸೊಸೆಯ ಜೊತೆ ಮಾತು ಬಿಟ್ಟಳು. ದೇವದುರ್ಗದ ಆಚೆಯ ಹಳ್ಳಿ ಗೂಗಲ್‌ನಲ್ಲಿ ಅಯ್ಯಮ್ಮನ ಅಣ್ಣ ಯಮನೂರಪ್ಪ ಇದ್ದ. ಬಂದು ತಂಗಿಯನ್ನು ಕರಕೊಂಡು ಹೋಗಲಿ ಅಂತ ಹೇಳಿ ಕಳಿಸಿದಳು.

"ನಾ ಹೋಗಂಗಿಲ್ಲ ಮಾವಾ," ಅಂದಳು ಅಯ್ಯಮ್ಮ, ಹಿಟ್ಟು ನಾದುತ್ತ. "ಅಲ್ಲಿಗೆ ಹೋದ್ರ ಗಂಡನ್ನ ತಿಂದಾಕಿ ಅನ್ನೋದು ಖರೇ ಆಗ್ತದ. ಇಲ್ಲಿದ್ರ ಬರೇ ಸೊಸಿ."

ಅಣ್ಣ ಬರುವ ಮುಂಚೆ ಮಾನ್ವಿಯಿಂದ ಜಗನ್ನಾಥಾಚಾರ್ ಮಾಸ್ತರರು ಬಂದರು. ರಾಯಚೂರಿನ ಕಾಲೇಜಿನಲ್ಲಿ ಓದಿದವರು, ಮಾನ್ವಿಯಲ್ಲಿ ಹುಡುಗರಿಗೆ ವಿಜ್ಞಾನ ಹೇಳುತ್ತಿದ್ದರು. ಪ್ರತಿ ವರ್ಷ ನಮ್ಮ ಮನೆಯ ಜೋಳವೇ ಒಯ್ಯುತ್ತಿದ್ದರು. ಅವರಿಗೆ ಸುದ್ದಿ ಗೊತ್ತಿರಲಿಲ್ಲ. ಕೇಳಿ, ಖಾಲಿ ಚೀಲ ಮಗ್ಗಲಿಗಿಟ್ಟು, ಆ ಹಗ್ಗ ತರಿಸಿ ಗಂಟು ನೋಡಿದರು.

"ಗದ್ದೆಪ್ಪ, ಅವ ನಿಂತಾಗ ಕಂದೀಲು ಎಲ್ಲಿಗೆ ಬರ್ತಿತ್ತು?"

"ಎದಿಗೆ ರೀ. ಹೋದ ವರ್ಷ ಅರ್ಧ ಕಾಳು ತೆಗದು ಮುಚ್ಚಿದ್ವಿ. ತುಂಬಿದ್ದಾಗ ಕಂದೀಲು ಕಾಳಿನ ಮ್ಯಾಲೇ ಕೂಡ್ತಿತ್ತು."

ಮಾಸ್ತರರು ಕಣ್ಣು ಮುಚ್ಚಿದರು. "ಅದು ತೂಕದ ಹವಾ, ಮುಚ್ಚಿಟ್ಟ ಕಾಳು ಬಿಡೋದು. ಕೊಡದಾಗ ನೀರು ನಿಂತಂಗ ತಳದಾಗ ನಿಂತಿತ್ತು."

"ಹವಾಕ್ಕ ಎಂಥಾ ತೂಕ ರೀ?"

"ಎಲ್ಲಾ ಹವಾನೂ ಕಣ ಕಣ ಇರ್ತದ. ಒಂದು ಕೊಡ ಗಾಳಿ, ಒಂದು ಕೊಡ ಈ ಹವಾ ತಗೋ. ಬಿಸಿ, ಒತ್ತಡ ಒಂದೇ ಇದ್ರ ಎರಡರಾಗೂ ಕಣ ಎಣಿಕಿಗೆ ಸಮ."

ನನಗೆ ಒಪ್ಪಿಗೆಯಾಗಲಿಲ್ಲ. "ಒಂದು ಸೇರು ಜ್ವಾಳದಾಗ ಇದ್ದಷ್ಟು ಕಾಳು ಒಂದು ಸೇರು ಶೇಂಗಾದಾಗ ಇರ್ತಾವೇನ್ರಿ?"

"ಕಾಳು ಒಂದಕ್ಕೊಂದು ಒತ್ತಿಕೊಂಡಿರ್ತಾವ. ಹವಾದ ಕಣ ನಿನ್ನ ಕುರಿ ಬಯಲಾಗ ಚೆಲ್ಲಾಡಿ ಮೇಯ್ದಂಗ, ದೂರ ದೂರ. ಆ ಬಯಲಿಗೆ ಕುರಿ ಬದಲಿ ಅಷ್ಟೇ ಎಮ್ಮಿ ಬಿಟ್ರ ಜಾಗ ಸಾಲಂಗಿಲ್ಲೇನು?"

"ಸಾಲ್ತದ ರೀ."

"ಎಣಿಕಿ ಅಷ್ಟೇ. ತೂಕ?"

"ಎಮ್ಮಿದು ಹೆಚ್ಚು."

ಅಂಗಳದ ಧೂಳಿನಲ್ಲಿ ಬೆರಳಿನಿಂದ ತೂಕ ಬರೆದರು. ಇಂಗಾಲ ಹನ್ನೆರಡು. ಆಮ್ಲಜನಕ ಹದಿನಾರು, ಜೋಡಿಗೆ ಇನ್ನೊಂದು ಹದಿನಾರು. ಮೂರೂ ಕೂಡಿ ಈ ಹವಾದ ಒಂದು ಕಣ, ನಲವತ್ನಾಲ್ಕು. ನಾವು ಉಸಿರಾಡುವ ಗಾಳಿ ಸುಮಾರು ಇಪ್ಪತ್ತೊಂಬತ್ತು. ಒಂದೇ ಕಣ ತೂಗುವ ತಕ್ಕಡಿ ಎಲ್ಲೂ ಇಲ್ಲವಂತೆ. ಅದಕ್ಕೆ ತಿಳಿದವರು ಇಂತಿಷ್ಟು ಕಣ ಕೂಡಿದರೆ ಒಂದು ರಾಶಿ ಅಂತ ಮಾಡಿ, ಆ ರಾಶಿಗೆ ಮೋಲ್ ಅಂತ ಹೆಸರಿಟ್ಟಿದ್ದಾರೆ. ಒಂದು ರಾಶಿ ಗಾಳಿ ಇಪ್ಪತ್ತೊಂಬತ್ತು ಗ್ರಾಂ ತೂಗಿದರೆ ಒಂದು ರಾಶಿ ಈ ಹವಾ ನಲವತ್ನಾಲ್ಕು ಗ್ರಾಂ. ಕಣದ ಲೆಕ್ಕ ಯಾವುದೋ ರಾಶಿಯ ಲೆಕ್ಕವೂ ಅದೇ. ಎದೆಗೆ ಇಪ್ಪತ್ತೊಂಬತ್ತು, ಮೊಣಕಾಲಿಗೆ ನಲವತ್ನಾಲ್ಕು ಅಂತ ನನ್ನ ತಲೆಯಲ್ಲಿ ಬಂತು. ಮಗನ ಮುಖ ಬರಲಿಲ್ಲ.

"ಬಾಯಿಲೆ ಯಾರ ಬೇಕಾದ್ರೂ ಹೇಳ್ತಾರ," ಅಂದಳು ಆದೆಮ್ಮ ಕಟ್ಟೆಯ ಮೇಲಿಂದ.

ಮಾಸ್ತರರು ಖಾಜಾಮಿಯಾನ ಅಂಗಡಿಯಿಂದ ಅಡುಗೆ ಸೋಡಾ, ನಿಂಬೆಹಣ್ಣು ತರಿಸಿದರು. ಚೆಂಬಿನಲ್ಲಿ ಸೋಡಾ ಹಾಕಿ ರಸ ಹಿಂಡಿದರು. ಬುಸ್ ಅಂತ ನೊರೆ ಎದ್ದು ಇಳಿಯಿತು, ಇದರಿಂದ ಹುಟ್ಟುವುದೂ ಅದೇ ಹವಾ ಅಂದರು. ಬೋಗುಣಿಯೊಳಗೆ ಹಣತೆ ಹಚ್ಚಿಟ್ಟು, ಚೆಂಬನ್ನು ಮೆಲ್ಲಗೆ ಅದರ ಮೇಲೆ ಬಗ್ಗಿಸಿದರು. ಒಂದು ಹನಿಯೂ ಬೀಳಲಿಲ್ಲ. ದೀಪ ಆರಿತು.

"ಊದಿದ್ರಿ," ಅಂದಳು ಆದೆಮ್ಮ.

"ಹಂಗಾರ ನೀನೇ ಮಾಡು ಬಾ ತಾಯಿ."

ಅವಳೇ ಹಿಂಡಿದಳು. ಸೆರಗು ಬಾಯಿಗೆ ಕಟ್ಟಿಕೊಂಡು ಬಗ್ಗಿಸಿದಳು. ಆರಿತು. ಮತ್ತೆ ಹಚ್ಚಿದಳು. ಮತ್ತೆ ಆರಿತು. ಸೋಡಾ ತೀರುವತನಕ ಮಾಡಿದಳು.

"ಹಂಗಾರ ಯಾರ ತಪ್ಪು ರೀ ಇದು?"

"ಯಾರದೂ ಅಲ್ಲವ್ವ."

"ಯಾರದೂ ಅಲ್ಲಂದ್ರ ನಾ ಏನು ಮಾಡ್ಲಿ?" ಅಂದಳು. ಮಾಸ್ತರರು ಎದ್ದರು. ಚೀಲ ಮಡಚಿಕೊಂಡು ಹೋದರು.

ಮನೆಯಲ್ಲಿ ಜೋಳ ತೀರಿತು. ಉಳಿದದ್ದು ಅವತ್ತೇ ಮತ್ತೆ ಮುಚ್ಚಿದ್ದ ಹಗೇವಿನ ತಳದಲ್ಲಿತ್ತು. ಕಲ್ಲು ಸರಿಸಿಟ್ಟರೂ ಇಳಿಯಲು ಊರಲ್ಲಿ ಯಾರೂ ಒಪ್ಪಲಿಲ್ಲ. ಗೂಗಲ್‌ನಿಂದ ಯಮನೂರಪ್ಪ ಬಂದು ಅಂಗಳದಲ್ಲಿ ಕೂತ ದಿನವೇ ಅಯ್ಯಮ್ಮ ಸೀರೆ ಕಚ್ಚೆ ಹಾಕಿ ಕಟ್ಟಿಕೊಂಡು ಬಂದಳು.

"ಹೆಣಮಕ್ಕಳು ಇಳಿಯೋದು ಎಲ್ಲ್ಯಾರ ಅದೇನು?" ಅಂದ ಅಣ್ಣ.

"ಗಣಮಕ್ಕಳು ಇಳಿದಿದ್ದು ನೋಡೀವಲ್ಲ," ಅಂದಳು.

ಕಂದೀಲಿನ ಹಗ್ಗಕ್ಕೆ ಇನ್ನೊಂದು ಹಗ್ಗ ಕೂಡಿಸಿದಳು. ಗಂಟು ಬಾಯಿ ದಾಟಿ ಕತ್ತಲೊಳಗೆ ಹೋಯಿತು. ತಳ ಮುಟ್ಟುವ ಮುಂಚೆಯೇ ಕಂದೀಲು ಆರಿತು. ಆದೆಮ್ಮ ಕಟ್ಟೆಯಿಂದ ಎದ್ದು ಬಂದು ನೋಡಿದಳು. ಬೇವಿನ ಟೊಂಗೆ ಕಟ್ಟಿ ಇಳಿಸಿದೆವು, ಎತ್ತಿದೆವು, ಕೈ ಸೋಲುವತನಕ ಗಾಳಿ ಆಡಿಸಿದೆವು. ಮತ್ತೆ ಕಂದೀಲು ಬಿಟ್ಟೆವು. ಆರಿತು. ಮತ್ತೆ ಟೊಂಗೆ. ಬಿಸಿಲು ಇಳಿಯುವ ಹೊತ್ತಿಗೆ ಕಂದೀಲು ಕಾಳಿನ ಮೇಲೆ ಕೂತು ಉರಿಯಿತು. ಉರಿಯಲಿ ಅಂತ ಇನ್ನಷ್ಟು ಹೊತ್ತು ಬಿಟ್ಟೆವು.

ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅಯ್ಯಮ್ಮ ಇಳಿದಳು. ಹಗ್ಗ ನನ್ನ ಕೈಯಲ್ಲಿತ್ತು, ಕೈ ನನ್ನದು ಅನಿಸುತ್ತಿರಲಿಲ್ಲ.

"ಬುಟ್ಟಿ ಬಿಡ್ರಿ ಮಾವಾ."

ಬಿಟ್ಟೆ.

ಆದೆಮ್ಮ ಹಗೇವಿನ ಬಾಯಿಗೆ ಬೋರಲು ಬಿದ್ದು ಕೂಗಿದಳು. "ಅಯ್ಯಮ್ಮಾ! ಬಗ್ಗಬ್ಯಾಡ ಬೇ! ಬಗ್ಗಬ್ಯಾಡ!"

ಒಳಗಿಂದ ದನಿ ಬಂತು. "ಬಗ್ಗದ ಕಾಳು ಹೆಂಗ ತುಂಬ್ಲಿ ಅತ್ತೀ? ಕಂದೀಲು ಕಾಲಾಗೇ ಅದ, ಉರಿಯಾಕತ್ತದ."

"ಅದನ್ನೇ ನೋಡ್ಕೋಂತ ತುಂಬು. ಮಾತಾಡ್ಕೋಂತ ತುಂಬು. ಸುಮ್ಮನಾಗಬ್ಯಾಡ."

ಯಮನೂರಪ್ಪ ಎದ್ದು ನಿಂತ. "ಅತ್ತೀ, ತಂಗೀನ ಇವತ್ತೇ ಕರಕೊಂಡು ಹೋಗ್ಲೇನ್ರಿ? ದೇವದುರ್ಗದ ಬಸ್ಸು..."

ಆದೆಮ್ಮ ತಲೆ ಎತ್ತಲಿಲ್ಲ. ಬುಟ್ಟಿಯ ಹಗ್ಗದ ತುದಿ ಹಿಂದಕ್ಕೆ ಅವನ ಕಡೆ ಚಾಚಿದಳು.

"ಬುಟ್ಟಿ ತುಂಬ್ಯದ. ಎಳಿಯಪ್ಪ," ಅಂದಳು.