ಮುಖ ನೋಡದೆ ಹಾಕಿದ ಸಹಿ

ಶವಪೆಟ್ಟಿಗೆಯ ಮುಂದೆ ಸಾಲು ನಿಂತವರ ಕೈಗೆ ಸತ್ತವನ ಹಳೆಯ ದೋಸ್ತ ಚೀಟಿ ತುರುಕುತ್ತಿದ್ದ. ತಲೆ ಬಗ್ಗಿಸಿ, ಮೆಲುದನಿಯಲ್ಲಿ, ಸಮಾಧಾನ ಹೇಳುವವನ ಹಾಗೆ. ಗಂಡನ ತಲೆಯ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ ಹೆಂಡತಿ ಎಲ್ಲವನ್ನೂ ನೋಡುತ್ತಿದ್ದಳು. ಅದು ಎಂಥ ಚೀಟಿ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಗಂಡ ಹಗಲು ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸಿ, ಸಂಜೆ ಬಳಗದ ಕೆಲಸಕ್ಕೆ ಕೂರುತ್ತಿದ್ದವನು. ಬೇರೆ ಬೇರೆ ಊರಿನ ಒಂದಷ್ಟು ಮಂದಿ ಸೇರಿ, ಆಸ್ಪತ್ರೆಗಳು ಬಳಸುವ ಒಂದು ಪ್ರೋಗ್ರಾಮನ್ನು ಪುಕ್ಕಟೆ ನೋಡಿಕೊಳ್ಳುತ್ತಿದ್ದರು. ದೂರದಿಂದ ಬಂದ ಕೆಲಸ ನಿಜಕ್ಕೂ ಯಾರದೆಂದು ತಿಳಿಯಲು ಒಬ್ಬೊಬ್ಬರಿಗೂ ಕಂಪ್ಯೂಟರಿನಲ್ಲಿ ಒಂದೊಂದು ಕೀ, ಅಂದರೆ ಉದ್ದನೆಯ ಗುರುತಿನ ಸಂಖ್ಯೆ. ಅದು ಇವರದೇ ಎಂದು ಬಳಗದ ಬೇರೆಯವರು ಸಹಿ ಹಾಕಬೇಕು. ಹಾಕುವ ಮುಂಚೆ ಎದುರು ಕೂರಿಸಿಕೊಂಡು ಮುಖ ನೋಡಬೇಕು, ಗುರುತಿನ ಕಾರ್ಡು ನೋಡಬೇಕು, ಕೀಯ ಅಂಕಿಗಳನ್ನು ಬಾಯಿಬಿಟ್ಟು ಓದಿಸಬೇಕು. ಗಂಡನಂತೂ ಒಂದು ಸಹಿಗಾಗಿ ದಿನವಿಡೀ ರೈಲಿನಲ್ಲಿ ಕೂತು ಹೋಗಿಬರುತ್ತಿದ್ದ. ನನ್ನನ್ನು ನೋಡೋಕೂ ಇಷ್ಟು ದೂರ ಬಂದಿರಲಿಲ್ಲ ನೀವು ಎಂದು ಅವಳು ಛೇಡಿಸುತ್ತಿದ್ದಳು.

ದೋಸ್ತನ ಕಂಪ್ಯೂಟರು ಕೆಟ್ಟು ಹಳೆಯ ಕೀ ಹೋಯಿತಂತೆ. ಹೊಸದರ ಅಂಕಿಗಳನ್ನು ಚೀಟಿಗಳಲ್ಲಿ ಅಚ್ಚು ಹಾಕಿಸಿ, ಸಹಿ ಕೇಳಲು ತಂದಿದ್ದ. ಬಳಗ ಪೂರ್ತಿ ಒಂದೇ ಕಡೆ ಕೈಗೆ ಸಿಗುವ ದಿನ ಮತ್ತೆ ಯಾವಾಗ ಬರುತ್ತದೆ? ಮಾನಗೆಟ್ಟವನು.

* * *

ಗಂಡ ಬದುಕಿದ್ದಾಗಿನ ಒಂದು ಸಂಜೆ ಅವಳು ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದಳು. ಗಂಡ ಒಗ್ಗರಣೆಗೆ ಈರುಳ್ಳಿ ಹೆಚ್ಚುತ್ತಿದ್ದ. ಕೈ ಒದ್ದೆಯೆಂದು ಫೋನಿನ ಸ್ಪೀಕರ್ ಹಾಕಿಟ್ಟಿದ್ದ. ತನ್ನ ಕಡೆಯ ಒಬ್ಬ ಹುಡುಗನಿಗೆ ಸಹಿ ಬೇಕೆಂದು ದೋಸ್ತ ದುಂಬಾಲು ಬಿದ್ದಿದ್ದ.

"ನಾನು ಅವನ ಮುಖಾನೇ ನೋಡಿಲ್ವಲ್ಲೋ."

"ನಾನು ನೋಡಿದ್ದೀನಲ್ಲ. ನನ್ನ ಮಾತು ಸಾಲದಾ ನಿಂಗೆ?"

ಗಂಡ ಮುಖ ನೋಡದೆ ಸಹಿ ಹಾಕಿದ್ದು ಅದೊಂದೇ ಸಲ. ಅಂಥ ಹುಡುಗ ಇರಲೇ ಇಲ್ಲ, ಹೆಸರೇ ಸುಳ್ಳು. ಆ ಹೆಸರಿನಿಂದ ಪ್ರೋಗ್ರಾಮಿನೊಳಗೆ ವೈರಸ್ಸಿನಂಥ ಹೊಲಸು ನುಗ್ಗಿ ಆಸ್ಪತ್ರೆಗಳ ಕಂಪ್ಯೂಟರುಗಳು ನಿಂತುಹೋದವು. ವಿಚಾರಣೆಯಲ್ಲಿ ದೋಸ್ತ ಆ ಹುಡುಗ ಯಾರೆಂದೇ ತನಗೆ ಗೊತ್ತಿಲ್ಲವೆಂದು ಕೈತೊಳೆದುಕೊಂಡ. ಬಳಗ ಗಂಡನನ್ನು ಹೊರಗೆ ಹಾಕಿತು. ಆಮೇಲೂ ಅವನು ಸಂಜೆಯಾದರೆ ಕಂಪ್ಯೂಟರಿನ ಮುಂದೆಯೇ ಕೂರುತ್ತಿದ್ದ, ಅದನ್ನು ಹಚ್ಚದೆ.

ತಾನೇ ಹೋಗಿ ಬಳಗಕ್ಕೆ ನಿಜ ಹೇಳುತ್ತೇನೆಂದು ಅವಳು ಕುದಿದಳು.

"ಬೇಡ. ಸಹಿ ಹಾಕಿದ ಕೈ ನಂದು. ನಾನಿರೋವರೆಗೂ ಬಾಯಿ ಬಿಡಲ್ಲ ಅಂತ ಮಾತು ಕೊಡು."

ಕೊಟ್ಟಳು. ಹಲ್ಲು ಕಚ್ಚಿಕೊಂಡು ಉಳಿಸಿಕೊಂಡಳು.

* * *

ಈಗ ಪೆಟ್ಟಿಗೆಯ ಮುಂದೆ ಬಳಗದ ಹಿರಿಯ ಚೀಟಿ ನೋಡಿಕೊಂಡು, ಸಹಿ ಹಾಕಲು ಫೋನು ಹೊರತೆಗೆದ. ಅವನನ್ನು ಎಲ್ಲರೂ ದೊಡ್ಡಣ್ಣ ಎನ್ನುತ್ತಿದ್ದರು.

"ದೊಡ್ಡಣ್ಣ, ಕಾರ್ಡು ನೋಡಿದ್ರಾ?" ಎಂದಳು.

ಇಷ್ಟು ವರ್ಷದ ಪರಿಚಯದವನ ಕಾರ್ಡು ಏನು ನೋಡುವುದಮ್ಮ ಎಂದ ಅವನು. ಕಾರ್ಡು ಕಾರಿನಲ್ಲಿದೆ, ಆಮೇಲೆ ತರುತ್ತೇನೆ ಅತ್ತಿಗೆ ಎಂದ ದೋಸ್ತ.

"ನಮ್ಮ ಯಜಮಾನ್ರು, ನಾನಿರೋವರೆಗೂ ಅಂದಿದ್ರು. ಈಗ ಅವರಿಲ್ಲ." ಅವಳು ದೋಸ್ತನತ್ತ ಬೆರಳು ಮಾಡಿದಳು. "ಆ ಸುಳ್ಳು ಹೆಸರಿಗೆ ಅವರ ಕೈಲಿ ಸಹಿ ಹಾಕಿಸಿದ್ದು ಇವನು. ಫೋನಲ್ಲಿ ಹೇಳಿದ್ದನ್ನ ನಾನು ಪಕ್ಕದಲ್ಲೇ ಕೂತು ಕೇಳಿಸ್ಕೊಂಡಿದ್ದೀನಿ." ಮಾತಿಗೆ ಮಾತು, ಒಂದನ್ನೂ ಬಿಡದೆ ಒಪ್ಪಿಸಿದಳು.

ದೊಡ್ಡಣ್ಣ ದೋಸ್ತನ ಕಡೆ ತಿರುಗಿದ. "ಹೌದೇನೋ?"

"ಅಣ್ಣ, ಆಗ ನಂಗೂ ಮೋಸ ಆಗಿತ್ತು. ನನಗೇನು ಗೊತ್ತು ಅವನು ಅಂಥವನು ಅಂತ..."

ಅಷ್ಟು ಸಾಕಾಯಿತು. ದೊಡ್ಡಣ್ಣ ಫೋನು ಜೇಬಿಗಿಳಿಸಿ, ಚೀಟಿಯನ್ನು ವಾಪಸು ಅವನ ಅಂಗೈಗೆ ಒತ್ತಿದ. ಹಿಂದಿನವರೂ ಒಬ್ಬೊಬ್ಬರಾಗಿ ಹಾಗೇ ಮಾಡಿದರು. ಅವಳ ಹೊಟ್ಟೆ ತಣ್ಣಗಾಯಿತು. ಹೆಣದ ಪಕ್ಕ ಕೂತು ಹೀಗೆ ಖುಷಿಪಡಬಾರದೆಂದು ಅವಳಿಗೆ ಅನ್ನಿಸಲೇ ಇಲ್ಲ. ಇನ್ನೂ ಸ್ವಲ್ಪ ಬೇಕೆನಿಸಿತು.

ಸಾಲು ಕರಗಿತು. ಕೊನೆಗೆ ಉಳಿದವನು ದೋಸ್ತನೊಬ್ಬ. ಕಣ್ಣು ನಿಜವಾಗಿಯೇ ಒದ್ದೆಯಾಗಿತ್ತು.

"ಅತ್ತಿಗೆ, ಒಂದ್ಸಲ ಅವನ ಮುಖ ನೋಡ್ಕೋತೀನಿ."

ಅವಳು ಎದ್ದು ಪೆಟ್ಟಿಗೆಯ ಮುಚ್ಚಳ ಎಳೆದು ಹಾಕಿದಳು. ಅದರ ಮೇಲೆ ಎರಡೂ ಅಂಗೈ ಊರಿ ನಿಂತವಳು, ಹೊರುವವರು ಬರುವ ತನಕ ಕೈ ತೆಗೆಯಲಿಲ್ಲ.